ಆಯಿಗಾಗಿ ಕಮೋಡ್ ಹಾಕಿಸಬೇಕು, ತಗ್ಗಿನ ಜಾಗ, ಮಳೆಗಾಲದಲ್ಲಿ ನೀರು ಇಳಿಯೋದಿಲ್ಲ. ಯಾವ ತರದ್ದು ತಗೊಳ್ಳಲಿ?

ಮಿರ್ಜಾನ ಕಡೆಯವ

ನಮಸ್ಕಾರ. ಕುಮಟಾ ತಾಲೂಕಿನಲ್ಲಿ ಮಿರ್ಜಾನ ಹತ್ತಿರ ನಮ್ಮದು ಹಳೆ ಮನೆ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು. ಬಚ್ಚಲಿಗೆ ತಾಗಿ ಒಂದು ಪಾಯಿಖಾನೆ ಇದೆ, ಕುಕ್ಕರುಗಾಲಲ್ಲಿ ಕೂರುವ ಹಳೆ ತರದ್ದು, ಅದೂ ಒಂದು ಮೆಟ್ಟಿಲು ಎತ್ತರದ ಕಟ್ಟೆ ಮೇಲೆ. ಆಯಿಗೆ, ಅಂದರೆ ಅಮ್ಮನಿಗೆ, ಮೊಣಕಾಲು ನೋವು ಜಾಸ್ತಿ ಆಗಿದೆ. ಕೂತರೆ ಏಳೋಕೆ ಆಗೋದಿಲ್ಲ, ನಲ್ಲಿ ಹಿಡಿದುಕೊಂಡು ಏಳುತ್ತಾರೆ, ಆ ನಲ್ಲಿ ಯಾವತ್ತು ಕಿತ್ತು ಬರುತ್ತದೋ ಗೊತ್ತಿಲ್ಲ. ಮಳೆ ಹಿಡಿಯೋದರೊಳಗೆ ಕಮೋಡ್ ಹಾಕಿಸಿಬಿಡಬೇಕು ಅಂತ ಇದೆ.

ಹುಬ್ಬಳ್ಳಿಗೆ ಬೇರೆ ಕೆಲಸಕ್ಕೆ ಹೋದಾಗ ಒಂದು ಅಂಗಡಿ ಹೊಕ್ಕೆ. ಅವರು ಗೋಡೆಗೆ ತೂಗುಬಿಡುವ ತರದ್ದೇ ತಗೊಳ್ಳಿ, ಟ್ಯಾಂಕು ಗೋಡೆ ಒಳಗೆ, ಈಗೆಲ್ಲ ಅದೇ ನಡೆಯುತ್ತದೆ ಅಂದರು. ಇನ್ನೊಂದು ಟ್ಯಾಂಕು, ಕಮೋಡ್ ಎರಡೂ ಒಂದೇ ಅಚ್ಚಿನದ್ದು, ನೋಡೋಕೆ ಚಂದ ಇದೆ, ಫ್ಲಶ್ ಮಾಡಿದರೆ ಸದ್ದೇ ಇಲ್ಲದೆ ಸುತ್ತಿ ಎಳೆದುಕೊಳ್ಳುತ್ತದೆ. ಆಮೇಲೆ "ನಿಮ್ಮದು ಎಸ್ ಟ್ರ್ಯಾಪಾ, ಪಿ ಟ್ರ್ಯಾಪಾ" ಅಂತ ಕೇಳಿದರು, ನನಗೆ ಗೊತ್ತಿರಲಿಲ್ಲ, ಸುಮ್ನೆ ವಾಪಸ್ ಬಂದೆ.

ಇನ್ನೊಂದು ತಲೆನೋವು ಇದೆ. ನಮ್ಮದು ಗಜನಿ (ಉಪ್ಪುನೀರಿನ ಗದ್ದೆ) ಕಡೆಯ ತಗ್ಗು ಜಾಗ. ಜುಲೈ ತಿಂಗಳಲ್ಲಿ ಜೋರು ಮಳೆ ಹೊಡೆದಾಗ ಪಾಯಿಖಾನೆಗೆ ನೀರು ಹಾಕಿದರೆ ಇಳಿಯೋದಿಲ್ಲ, ಪ್ಯಾನಿನಲ್ಲೇ ನಿಂತು ಗುಡುಗುಡು ಅನ್ನುತ್ತದೆ. ಗೌಂಡಿ ಹೇಳುವುದು, ಹೊರಗಿನ ಪಿಟ್ (ಕೊಳೆನೀರಿನ ಇಂಗುಗುಂಡಿ) ಸರಿಯೇ ಇದೆ, ಹಳೆ ಪ್ಯಾನ್ ಸಣ್ಣದು, ಹೊಸದು ಹಾಕಿದರೆ ಸರಿಹೋಗುತ್ತದೆ ಅಂತ. ಹೌದಾ? ಬಾವಿ ನೀರು, ಸ್ವಲ್ಪ ಕೆಂಪು. ಕೂಲಿ ಸೇರಿ 20 ಸಾವಿರದ ಒಳಗೆ ಮುಗಿಸಬೇಕು.

ಅಂಕೋಲಾ ಪೈಪಿನವ

ಈ ಕೆಲಸ ಮಾಡಿಯೇ ಹೊಟ್ಟೆ ಹೊರೆಯುವವನು ನಾನು, ಹಾಗಾಗಿ ನೇರ ಹೇಳುತ್ತೇನೆ. ಕಮೋಡ್ ಆಯ್ಕೆ ಮಾಡುವುದು ನೀವಲ್ಲ, ನಿಮ್ಮ ಮನೆಯ ಪೈಪು. ಮೊದಲು ಟೇಪ್ ಹಿಡಿಯಿರಿ, ಆಮೇಲೆ ಅಂಗಡಿ.

ಕೊಳೆನೀರಿನ ಪೈಪು ಗೋಡೆಯಿಂದ ಹೊರಗೆ ಹೋಗುತ್ತದೋ ನೆಲದೊಳಗೆ ಇಳಿಯುತ್ತದೋ ನೋಡಿ. ಟ್ರ್ಯಾಪ್ ಅಂದರೆ ವಾಸನೆ ತಡೆಯೋಕೆ ಸ್ವಲ್ಪ ನೀರು ನಿಲ್ಲುವ ಬಾಗು. ಗೋಡೆಯಿಂದ ಹೋದರೆ ಪಿ ಟ್ರ್ಯಾಪ್, ನೆಲಕ್ಕೆ ಇಳಿದರೆ ಎಸ್ ಟ್ರ್ಯಾಪ್. ಪಿ ಆದರೆ ತೂತಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಅಂತ ಅಳೆಯಬೇಕು. ಸಾಧಾರಣ 180 ಮಿಲಿಮೀಟರ್ ಆಸುಪಾಸು, ಅಂದರೆ ಏಳು ಇಂಚು. ಎಸ್ ಆದರೆ ಹಿಂದಿನ ಗೋಡೆಯಿಂದ ತೂತಿನ ನಡುವಿಗೆ ಎಷ್ಟು ದೂರ ಅಂತ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ನಾಲ್ಕು ಇಂಚು, ಒಂಬತ್ತು ಇಂಚು, ಹನ್ನೆರಡು ಇಂಚಿನವು. ಅಳತೆ ಬರಿ ಕಲ್ಲಿನಿಂದ ಹಿಡಿಯಬೇಡಿ, ಟೈಲ್ಸ್ ಕೂತ ಮೇಲಿನ ಗೋಡೆಯಿಂದ ಹಿಡಿಯಿರಿ. ಗಾರೆ ಮತ್ತು ಟೈಲ್ಸ್ ಸೇರಿ ಒಂದು ಇಂಚು ತಿನ್ನುತ್ತದೆ, ಆ ಒಂದು ಇಂಚಿಗೆ ಟ್ಯಾಂಕು ಗೋಡೆಗೆ ಬಡಿಯುತ್ತದೆ.

ಹಳೆ ಪ್ಯಾನ್ ತೆಗೆದ ಜಾಗದಲ್ಲಿ ಇರುವ ತೂತು ಹೊಸ ಕಮೋಡ್‌ಗೆ ಸರಿಯಾಗಿ ಸಿಗುವುದು ಅಪರೂಪ. ಅದಕ್ಕೆ ಓರೆಯಾಗಿ ಜೋಡಿಸುವ ಪ್ಯಾನ್ ಕನೆಕ್ಟರ್ ಅಂತ ಬರುತ್ತದೆ, ಸ್ವಲ್ಪ ಆಚೀಚೆ ಹೊಂದಿಸಬಹುದು, ಆದರೆ ಜಾಸ್ತಿ ಎಳೆದರೆ ಅಲ್ಲೇ ಕಟ್ಟಿಕೊಳ್ಳುತ್ತದೆ.

ಸದ್ದಿಲ್ಲದೆ ಸುತ್ತಿ ಎಳೆಯುವುದನ್ನು ನೋಡಿ ಮರುಳಾಗಬೇಡಿ. ಅದು ಸೈಫನ್ ತರದ್ದು. ಅದರ ಒಳದಾರಿ ಸಣ್ಣ, ಸುತ್ತು ಜಾಸ್ತಿ, ಎಳೆಯೋಕೆ ನೀರೂ ಜಾಸ್ತಿ ಬೇಕು. ಹೊರಗಡೆ ನೀರು ಇಳಿಯದೇ ಇದ್ದಾಗ ಸೈಫನ್ ಎಳೆಯುವುದೇ ಇಲ್ಲ. ನಿಮ್ಮ ಜಾಗಕ್ಕೆ ವಾಶ್‌ಡೌನ್ ತರದ್ದೇ ಸರಿ, ನೀರು ಮೇಲಿಂದ ಬಿದ್ದು ತಳ್ಳಿಕೊಂಡು ಹೋಗುತ್ತದೆ. ಸದ್ದು ಮಾಡುತ್ತದೆ, ಮಾಡಲಿ ಬಿಡಿ.

ಟ್ಯಾಂಕಿಲ್ಲದೆ ಬರಿ ಫ್ಲಶ್ ವಾಲ್ವ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದಕ್ಕೆ ದಪ್ಪ ಪೈಪು ಬೇಕು, ನೀರಿನ ಒತ್ತಡ ಬೇಕು. ಹಂಚಿನ ಮನೆಯಲ್ಲಿ ನೀರಿನ ಟ್ಯಾಂಕು ಎಷ್ಟು ಎತ್ತರ ಇರುತ್ತದೆ ಹೇಳಿ.

ಕಾರವಾರ, ಬೈತಖೋಲ

ಗೋಡೆಗೆ ತೂಗುವ ತರದ್ದು ನಮ್ಮ ಮನೆಯಲ್ಲಿದೆ, ಹಾಗಾಗಿ ಎರಡು ಮಾತು. ಬಳಸೋಕೆ ಒಳ್ಳೆಯದು ಅನ್ನುವುದರಲ್ಲಿ ಸಂಶಯ ಇಲ್ಲ. ಕೆಳಗೆ ಖಾಲಿ, ನೆಲ ಒರೆಸೋಕೆ ಸಲೀಸು, ಎತ್ತರವನ್ನೂ ನಮಗೆ ಬೇಕಾದ ಹಾಗೆ ಇಡಬಹುದು, ವಯಸ್ಸಾದವರಿಗೆ ಅದು ದೊಡ್ಡ ಅನುಕೂಲ. ಆದರೆ ನಮ್ಮದು ಕಾಂಕ್ರೀಟ್ ಕಂಬದ ಮನೆ. ನಿಮ್ಮದು ಚಿರೇಕಲ್ಲು ಅಂದಿರಿ. ಭಾರ ಹೊತ್ತು ನಿಂತ ಗೋಡೆಯನ್ನು ಟ್ಯಾಂಕು ಹುಗಿಯೋಕೆ ಕೊರೆಯುವುದು ಸರಿಯಲ್ಲ. ಕಬ್ಬಿಣದ ಫ್ರೇಮ್ ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿ, ಅದರ ಮುಂದೆ ಅರ್ಧ ಎತ್ತರದ ಇನ್ನೊಂದು ಗೋಡೆ ಕಟ್ಟಬೇಕಾಗುತ್ತದೆ. ಅಷ್ಟು ಜಾಗ ನಿಮ್ಮ ಪಾಯಿಖಾನೆಯಲ್ಲಿ ಇದೆಯಾ? ಕಂಪನಿಯವರು 400 ಕಿಲೋ ಭಾರ ತಡೆಯುತ್ತದೆ ಅಂತ ಬರೆದಿರುತ್ತಾರೆ. ಅದು ಫ್ರೇಮಿನ ಲೆಕ್ಕ. ಫ್ರೇಮು ಸರಿಯಾಗಿ ನೆಲ ಹಿಡಿದಿದ್ದರೆ ಮಾತ್ರ.

ಖರ್ಚಿನ ಮಾತಂತೂ ಬಿಡಿ, 20 ಸಾವಿರದಲ್ಲಿ ಕಷ್ಟ. ಒಳಗಿನ ವಾಷರ್ ಹೋದಾಗ ಇಲ್ಲಿ ಕಾರವಾರದಲ್ಲಿ ಸಿಗಲಿಲ್ಲ, ಅಂಗಡಿಯವರು ಇವತ್ತು ಬರುತ್ತದೆ ನಾಳೆ ಬರುತ್ತದೆ ಅಂತ ಕಾಯಿಸಿದರು, ಕೊನೆಗೆ ಮಡಗಾಂವಿಗೆ ಹೋಗಿ ತಂದೆ. ಅಲ್ಲಿಯವರೆಗೂ ಬಾಲ್ದಿಯೇ ಗತಿ. ಹೊರಗೆ ಕಾಣುವ ಸಾದಾ ಪ್ಲಾಸ್ಟಿಕ್ ಟ್ಯಾಂಕಾದರೆ ಒಳಗಿನ ಸಾಮಾನು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ.

ಮತ್ತೆ ಸಮುದ್ರದ ಗಾಳಿ. ಸೀಟಿನ ತಿರುಗಣಿ, ನೆಲದ ಸ್ಕ್ರೂ, ಜೆಟ್ ಸ್ಪ್ರೇ ಕೊಕ್ಕೆ, ಎಲ್ಲ ಸ್ಟೀಲ್ ಅಂತಾರೆ, ಎರಡು ಮಳೆಗಾಲಕ್ಕೆ ಕಂದು ಬಣ್ಣ ಬರುತ್ತದೆ. 304 ಸ್ಟೀಲ್ ಅಥವಾ ಹಿತ್ತಾಳೆ ಅಂತ ಕೇಳಿ ತಗೊಳ್ಳಿ.

ಮಿರ್ಜಾನ ಕಡೆಯವ

ಅಳೆದೆ. ಕಟ್ಟೆ ಏಳು ಇಂಚು ಎತ್ತರ. ಪೈಪು ಕಟ್ಟೆಯ ಅಡಿಯಿಂದ, ನೆಲಕ್ಕಿಂತ ಕೆಳಗೆ ಗೋಡೆ ದಾಟಿ ಹೊರಗಿನ ಚೇಂಬರಿಗೆ ಹೋಗುತ್ತದೆ. ಚೇಂಬರಿನಿಂದ ಪಿಟ್ ಹತ್ತು ಮಾರು ಇರಬಹುದು. ಪಾಯಿಖಾನೆ ಒಳಗೆ ಅಗಲ ಮೂರೂವರೆ ಅಡಿ, ಉದ್ದ ಐದು ಅಡಿ. ತೂಗುವ ತರದ್ದು ಕೈಬಿಟ್ಟೆ. ಹಾಗಾದರೆ ನನ್ನದು ಎಸ್ ಅಂತಲೇ ಅಲ್ವಾ?

ಹೊನ್ನಾವರದಾಕೆ

ಅಲ್ಲ, ದಯವಿಟ್ಟು ಎಸ್ ತಗೊಳ್ಳಬೇಡಿ. ಮತ್ತೆ ಗೌಂಡಿ ಮಾತು ಬಿಡಿ, ನಿಮ್ಮ ತೊಂದರೆ ಪ್ಯಾನ್ ಸಣ್ಣದು ಅಂತ ಅಲ್ಲ. ನಾವು ಶರಾವತಿ ದಂಡೆಯವರು, ಇದೇ ಕಥೆ ನಮ್ಮಲ್ಲೂ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕರಾವಳಿಯಲ್ಲಿ ನೆಲದ ನೀರು ಮೇಲೆ ಬರುತ್ತದೆ. ಬಾವಿಯಲ್ಲಿ ಕೈಗೆ ಸಿಗುವಷ್ಟು ನೀರು ಬಂದಾಗ ಪಿಟ್ಟಿನ ಸುತ್ತಲೂ ಅಷ್ಟೇ ಮಟ್ಟಕ್ಕೆ ನೀರು ಬಂದಿದೆ ಅಂತ ಅರ್ಥ. ಆಗ ಪಿಟ್ಟಿನ ನೀರು ಮಣ್ಣಿಗೆ ಇಂಗುವುದಾದರೂ ಎಲ್ಲಿಗೆ? ಅದು ಪೈಪಿನಲ್ಲಿ ಹಿಂದೆ ಬಂದು ನಿಲ್ಲುತ್ತದೆ. ನಿಮ್ಮ ಈಗಿನ ಪ್ಯಾನಿನ ಟ್ರ್ಯಾಪು ನೆಲಕ್ಕಿಂತ ಕೆಳಗಿದೆ, ಹಾಗಾಗಿ ಮೊದಲು ಅಲ್ಲೇ ಕಾಣುತ್ತದೆ. ಗುಡುಗುಡು ಅನ್ನುವುದು ಪೈಪಿನ ಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲದೆ.

ಈಗ ಪಿ ಟ್ರ್ಯಾಪ್ ಕಮೋಡ್ ಹಾಕಿದರೆ ಕೊಳೆ ಹೊರಗೆ ಹೋಗುವ ಬಾಯಿ ನೆಲದಿಂದ ಏಳು ಇಂಚು ಮೇಲೆ ಬರುತ್ತದೆ. ಹಳೆಯದಕ್ಕಿಂತ ಒಂದು ಅಡಿಗೂ ಜಾಸ್ತಿ ಎತ್ತರ ಸಿಕ್ಕಿತು. ಚಿರೇಕಲ್ಲಿನಲ್ಲಿ ನಾಲ್ಕಿಂಚು ಪೈಪಿಗೆ ತೂತು ಹೊಡೆಯುವುದು ಉಳಿಯಲ್ಲೇ ಆಗುವ ಕೆಲಸ. ತಗ್ಗಿನ ಜಾಗದವರಿಗೆ ಆ ಒಂದು ಅಡಿಯೇ ದೊಡ್ಡದು.

ಆದರೆ ಅಷ್ಟು ಮಾಡಿ ಬಿಟ್ಟರೆ ಇನ್ನೊಂದು ರಗಳೆ. ನೀರು ಯಾವಾಗಲೂ ಎಲ್ಲಿ ತಗ್ಗೋ ಅಲ್ಲಿ ಹೊರಗೆ ಬರುತ್ತದೆ. ಕಮೋಡ್ ಎತ್ತರ ಆದರೆ ಅದು ಅಂಗಳದ ಚೇಂಬರಿನ ಮುಚ್ಚಳದಿಂದ ಉಕ್ಕುತ್ತದೆ. ಚೇಂಬರನ್ನೂ ಎರಡು ವರಸೆ ಕಲ್ಲು ಏರಿಸಿ, ಮುಚ್ಚಳದ ಸುತ್ತ ಗಾರೆ ಹಾಕಿಸಿ. ಬಚ್ಚಲ ನೀರು ಅದೇ ಚೇಂಬರಿಗೆ ಸೇರಿದ್ದರೆ ಮೊದಲು ಅದನ್ನು ಬೇರೆ ಮಾಡಿ. ಇಲ್ಲ ಅಂದರೆ ಬಚ್ಚಲ ಜಾಲರಿಯಿಂದಲೇ ಮೇಲೆ ಬರುತ್ತದೆ, ಅದರ ಹೊಲಸು ಬೇಡವೇ ಬೇಡ. ಬಚ್ಚಲ ನೀರು ತೆಂಗಿನ ಬುಡಕ್ಕೆ ಹೋಗಲಿ, ಮೊದಲಿನವರು ಮಾಡಿದ್ದು ಅದನ್ನೇ.

ಗಾಳಿ ಪೈಪು ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಪಿವಿಸಿ ಪೈಪನ್ನು ಮಾಡಿನ ಮೇಲಿನ ತನಕ ಎತ್ತಿ, ತುದಿಗೆ ಸೊಳ್ಳೆ ಜಾಲರಿ ಕಟ್ಟಿ.

ಪಿಟ್ಟಿನಿಂದ ಬಾವಿ ಎಷ್ಟು ದೂರ ಅಂತ ನೀವು ಬರೆದಿಲ್ಲ. ಕಡಿಮೆ ಅಂದರೂ 10 ಮೀಟರ್ ಇರಬೇಕು. ಚಿರೇಕಲ್ಲಿನ ನೆಲದಲ್ಲಿ ಸಂದುಗೊಂದು ಜಾಸ್ತಿ, ನೀರು ಎಲ್ಲಿಂದ ಎಲ್ಲಿಗೋ ಹರಿಯುತ್ತದೆ, ಇನ್ನೂ ದೂರ ಇದ್ದಷ್ಟೂ ನೆಮ್ಮದಿ. ಹತ್ತಿರ ಇದ್ದರೆ ಕಮೋಡಿಗಿಂತ ಮೊದಲು ಅದರ ವಿಚಾರ ಮಾಡಿ. ಕುಡಿಯುವ ನೀರನ್ನಂತೂ ಕುದಿಸಿಯೇ ಕುಡಿಯಿರಿ.

ಇನ್ನೊಂದು, ಮಳೆಗಾಲದ ನಡುವೆ ಪಿಟ್ಟನ್ನಾಗಲಿ ಸೆಪ್ಟಿಕ್ ಟ್ಯಾಂಕನ್ನಾಗಲಿ ಪೂರ್ತಿ ಖಾಲಿ ಮಾಡಿಸಬೇಡಿ. ಪ್ಲಾಸ್ಟಿಕ್ಕಿನ ರೆಡಿಮೇಡ್ ಟ್ಯಾಂಕಾದರೆ ಸುತ್ತಲಿನ ನೀರು ಅದನ್ನು ದೋಣಿ ಹಾಗೆ ಮೇಲೆತ್ತಿಬಿಡುತ್ತದೆ. ಖಾಲಿ ಮಾಡಿಸುವುದಿದ್ದರೆ ಏಪ್ರಿಲ್, ಮೇನಲ್ಲಿ ಮಾಡಿಸಿ.

ಶಿರಸಿ ತೋಟದಮನೆ

ಎಲ್ಲರೂ ಒಡೆಯುವ ಮಾತೇ ಆಡುತ್ತಿದ್ದೀರಲ್ಲ ಮಾರಾಯ್ರೆ. ಇರುವುದು ಒಂದೇ ಪಾಯಿಖಾನೆ, ಅದನ್ನೂ ಕಮೋಡ್ ಮಾಡಿದರೆ ಮನೆಗೆ ಬಂದ ನೆಂಟರು ಏನು ಮಾಡಬೇಕು? ನಮ್ಮಲ್ಲಿ ಅಪ್ಪಯ್ಯ ಕಮೋಡಿನ ಮೇಲೆ ಕೂತರೆ ಆಗುವುದೇ ಇಲ್ಲ ಅಂತ ಹಟ ಹಿಡಿದು ತೋಟದ ಕಡೆ ಹೋಗೋಕೆ ಶುರು ಮಾಡಿದ್ದರು. ಔಷಧಿ ಅಂಗಡಿಯಲ್ಲಿ ಕಮೋಡ್ ಕುರ್ಚಿ ಸಿಗುತ್ತದೆ, ನಾಲ್ಕು ಕಾಲು, ನಡುವೆ ತೂತು, ಹಳೆ ಪ್ಯಾನ್ ಮೇಲೆ ಇಟ್ಟರೆ ಆಯಿತು. ಬೇಡ ಅಂದಾಗ ಎತ್ತಿ ಬದಿಗೆ ಇಡಬಹುದು. ಮೊದಲು ಅದನ್ನು ತಂದು ಆಯಿಗೆ ರೂಢಿಯಾಗುತ್ತದಾ ನೋಡಿ.

ಒಡೆಯಲೇಬೇಕು ಅಂತಾದರೆ, ಕಡಿಮೆ ನೀರಿನ ಟ್ಯಾಂಕು ಅಂತ 2 ಲೀಟರ್, 4 ಲೀಟರಿನದ್ದು ತೋರಿಸುತ್ತಾರೆ, ಬೇಡ. ಪಿಟ್ ಹತ್ತು ಮಾರು ದೂರ ಅಂದರೆ ಅರವತ್ತು ಅಡಿ. ಅಷ್ಟು ಉದ್ದದ ಪೈಪಿನಲ್ಲಿ ಸ್ವಲ್ಪ ನೀರು ಹಾಕಿದರೆ ನೀರು ಮುಂದೆ ಹೋಗಿ ಗಟ್ಟಿ ಹಿಂದೆ ಉಳಿಯುತ್ತದೆ. ಶಿರಸಿ, ಸಿದ್ದಾಪುರ ಕಡೆ ಪಿಟ್ ಮನೆಯಿಂದ ದೂರ ಇರುವುದೇ ಹೆಚ್ಚು, ಎಲ್ಲರ ಮನೆಯಲ್ಲೂ ಇದೇ ಗೋಳು. 3 ಮತ್ತು 6 ಲೀಟರಿನ, ಒತ್ತೋಕೆ ಎರಡು ಬಟನ್ ಇರುವ ಟ್ಯಾಂಕು ಸಾಕು.

ಕೆಂಪು ನೀರಿನ ಕಲೆಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕಬ್ಬಿಣ ಇನ್ನೂ ಗಟ್ಟಿ ಹಿಡಿಯುತ್ತದೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಪುಡಿ, ಬಿಸಿನೀರಿನಲ್ಲಿ ಕರಗಿಸಿ ರಾತ್ರಿ ಸುರಿದು ಬಿಡಿ, ಬೆಳಿಗ್ಗೆ ಉಜ್ಜಿ. ಆಸಿಡ್ ಸುರಿಯುವ ಚಟ ಬೇಡ, ಹೊಳಪು ಹೋದರೆ ಆಮೇಲೆ ದಿನಾ ಕಲೆ. ಮತ್ತೆ ಆಸಿಡ್, ಬ್ಲೀಚಿಂಗ್ ಎರಡನ್ನೂ ಒಟ್ಟಿಗೆ ಯಾವತ್ತೂ ಹಾಕಬೇಡಿ, ಏಳುವ ಗಾಳಿ ವಿಷ.

ಅಂಕೋಲಾ ಪೈಪಿನವ

ಹೊನ್ನಾವರದ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಪಿಟ್ಟಿನ ಕಡೆ ಹೋಗಿಯೇ ಇರಲಿಲ್ಲ. ಪಿ ಟ್ರ್ಯಾಪೇ ಹಾಕಿ. ಒಂದು ಮಾತು ಸೇರಿಸುತ್ತೇನೆ. ಕಡಿಮೆ ನೀರು ಅಂದರೆ ಬರೀ ಬಾವಿ ನೀರು ಉಳಿಸುವುದಲ್ಲ. ಹಳೆ 10 ಲೀಟರಿನ ಟ್ಯಾಂಕಿನಲ್ಲಿ ಮನೆಮಂದಿ ಸೇರಿ ದಿನಕ್ಕೆ ಇಪ್ಪತ್ತು ಸಲ ಫ್ಲಶ್ ಮಾಡಿದರೆ 200 ಲೀಟರ್ ಪಿಟ್ಟಿಗೆ ಹೋಯಿತು. 3 ಮತ್ತು 6ರದ್ದಾದರೆ ಅದರ ಅರ್ಧದಷ್ಟು. ಜುಲೈಯಲ್ಲಿ ಪಿಟ್ಟಿಗೆ ಅಷ್ಟು ಭಾರ ಕಡಿಮೆ.

ಶಿರಸಿಯವರ ಕುರ್ಚಿ ವಿಚಾರ ನಾನು ಒಪ್ಪುವುದಿಲ್ಲ. ಕಟ್ಟೆ ಮೇಲೆ ಕುರ್ಚಿ, ಅದಕ್ಕೆ ಅಮ್ಮ ಮೆಟ್ಟಿಲು ಹತ್ತಬೇಕು, ಒದ್ದೆ ನೆಲ, ಕುರ್ಚಿ ಕಾಲು ಜಾರಿದರೆ? ಆಪರೇಶನ್ ಆದ ಮೇಲೆ ಎರಡು ತಿಂಗಳ ಮಟ್ಟಿಗೆ ಅದು ಸರಿ. ಇಲ್ಲಿ ಕಟ್ಟೆ ಒಡೆದು ನೆಲ ಸಮ ಮಾಡುವುದೇ ಒಳ್ಳೆಯದು. ನೆಂಟರಿಗೆ ಬೇಕಾದರೆ ಹಿತ್ತಲಲ್ಲಿ ಇನ್ನೊಂದು ಕಟ್ಟಿಸಲಿ.

ಎತ್ತರದ ವಿಚಾರ ಯಾರೂ ಸರಿಯಾಗಿ ಹೇಳಲಿಲ್ಲ. ಸಾಮಾನ್ಯ ಕಮೋಡು 400 ಮಿಲಿಮೀಟರ್, ಅಂದರೆ ಹದಿನಾರು ಇಂಚಿನ ಆಸುಪಾಸು. ಮೊಣಕಾಲು ನೋವಿದ್ದವರಿಗೆ ಸೀಟ್ ಸೇರಿ 450ರಿಂದ 480 ಇದ್ದರೆ ಏಳೋಕೆ ಸುಲಭ. ಆದರೆ ಅಮ್ಮ ಕುಳ್ಳಗಿದ್ದರೆ ಅಷ್ಟು ಎತ್ತರದಲ್ಲಿ ಕಾಲು ನೆಲಕ್ಕೆ ತಾಗದೆ ತೊಡೆ ಜೋಮು ಹಿಡಿಯುತ್ತದೆ. ಅವರು ಮನೆಯಲ್ಲಿ ಯಾವ ಕುರ್ಚಿಯಿಂದ ಸಲೀಸಾಗಿ ಏಳುತ್ತಾರೆ ನೋಡಿ, ಆ ಕುರ್ಚಿಯ ಎತ್ತರ ಅಳೆದುಕೊಂಡು ಅಂಗಡಿಗೆ ಹೋಗಿ. ಎತ್ತರದ್ದು ಸಿಗದಿದ್ದರೆ ಸಾಮಾನ್ಯದ್ದನ್ನೇ ತಂದು ಮೇಲೆ ಕೂರಿಸುವ ಎತ್ತರದ ಸೀಟ್ ಹಾಕಿ.

ಗೋಡೆಗೆ ಹಿಡಿಕೆ ಕಡ್ಡಾಯ. ಚಿರೇಕಲ್ಲಿಗೆ ಸಣ್ಣ ಪ್ಲಾಸ್ಟಿಕ್ ಗಟ್ಟ ಹೊಡೆದು ಸ್ಕ್ರೂ ತಿರುಗಿಸಿದರೆ ಕಲ್ಲು ಪುಡಿಯಾಗಿ ಕಿತ್ತು ಬರುತ್ತದೆ. ಉದ್ದದ ಬೋಲ್ಟನ್ನು ಗೋಡೆ ಆಚೆ ತನಕ ತೂರಿಸಿ, ಹೊರಗಡೆ ಅಗಲದ ವಾಷರ್ ಕೊಟ್ಟು ನಟ್ ಬಿಗಿಯಿರಿ.

ಗೌಂಡಿ ಕಮೋಡಿನ ಬುಡಕ್ಕೆ ಸಿಮೆಂಟ್ ತುಂಬೋಕೆ ಬಂದರೆ ಬಿಡಬೇಡಿ. ಗಟ್ಟಿಯಾದ ಸಿಮೆಂಟು ಒತ್ತಿ ಬುಡ ಸೀಳುತ್ತದೆ, ಮುಂದೆ ಬಿಚ್ಚುವುದಿದ್ದರೆ ಒಡೆದೇ ತೆಗೆಯಬೇಕು. ಸ್ಕ್ರೂ ಹಾಕಿ, ಸುತ್ತ ಸಿಲಿಕಾನ್ ಎಳೆದರೆ ಸಾಕು.

ಶಿರಸಿ ತೋಟದಮನೆ

ಕಟ್ಟೆ ಇದೆ ಅನ್ನುವುದನ್ನು ನಾನು ಗಮನಿಸಲಿಲ್ಲ, ಕುರ್ಚಿ ಮಾತು ಬಿಡಿ. ಆದರೆ ನೆಂಟರ ಮಾತು ಹಾಗೇ ಇದೆ.

ಮಿರ್ಜಾನ ಕಡೆಯವ

ಎಲ್ಲರಿಗೂ ದೊಡ್ಡ ಉಪಕಾರ. ಪಿಟ್ಟಿನಿಂದ ಬಾವಿಗೆ ಹಗ್ಗ ಹಿಡಿದೆವು, ಹದಿನೆಂಟು ಮೀಟರ್ ಬಂತು, ಅದೊಂದು ಸಮಾಧಾನ. ಬಚ್ಚಲ ನೀರು ಅದೇ ಚೇಂಬರಿಗೆ ಹೋಗುತ್ತಿದೆ, ಅದನ್ನು ಬೇರೆ ಮಾಡುತ್ತೇವೆ. ಗೌಂಡಿಗೆ ಚೇಂಬರ್ ಏರಿಸುವ ಮಾತು ಹೇಳಿದಾಗ ಮುಖ ಸಣ್ಣ ಮಾಡಿದ, ಆದರೂ ಒಪ್ಪಿದ್ದಾನೆ. ಆಯಿ ಏಳುವ ಕುರ್ಚಿ ಹದಿನೇಳೂವರೆ ಇಂಚು. ಕುಮಟಾದಲ್ಲೇ ಪಿ ಟ್ರ್ಯಾಪಿನ ವಾಶ್‌ಡೌನ್ ಒಂದು ನೋಡಿ ಬಂದೆ, ಬಿಳಿ, ಐಎಸ್‌ಐ ಗುರುತು ಇದೆ, ಪ್ಲಾಸ್ಟಿಕ್ ಟ್ಯಾಂಕು ಬೇರೆ. ಸೀಟ್ ಸೇರಿ ಹದಿನೇಳು ಇಂಚು. ಕಮೋಡ್, ಟ್ಯಾಂಕು, ಪೈಪು, ಕೂಲಿ ಎಲ್ಲ ಸೇರಿ ಲೆಕ್ಕದೊಳಗೇ ಬರುತ್ತದೆ.

ಒಂದು ಕೇಳಬೇಕಿತ್ತು. ಅಂಚಿಲ್ಲದ್ದು ಅಂತ ಇನ್ನೊಂದು ತೋರಿಸಿದರು, ಸ್ವಲ್ಪ ದುಡ್ಡು ಜಾಸ್ತಿ. ತಗೊಳ್ಳಬಹುದಾ? ಮತ್ತೆ ಆಯಿ ಮೇ ತಿಂಗಳಲ್ಲಿ ಬೆಂಗಳೂರಿಗೆ ತಂಗಿ ಮನೆಗೆ ಹೋಗುತ್ತಾರೆ, ಮನೆ ಮುಚ್ಚಿರುತ್ತದೆ, ಏನಾದರೂ ತೊಂದರೆ ಇದೆಯಾ?

ಹೊನ್ನಾವರದಾಕೆ

ಅಂಚಿಲ್ಲದ್ದು ತೊಳೆಯೋಕೆ ಒಳ್ಳೆಯದು, ಅಂಚಿನ ಅಡಿ ಕೆಂಪು ಕಲೆ, ಪಾಚಿ ಕೂರುವುದು ಕಣ್ಣಿಗೇ ಕಾಣುವುದಿಲ್ಲ. ನಿಮ್ಮ ನೀರಿಗೆ ಆ ದುಡ್ಡು ದಂಡವಲ್ಲ. ಆದರೆ ಕೆಲವು ಕಂಪನಿಯವು ಜೋರು ಫ್ಲಶ್ ಮಾಡಿದರೆ ಹೊರಗೆ ಹಾರಿಸುತ್ತವೆ. ಅಂಗಡಿಯಲ್ಲಿ ನೀರು ಹಾಕಿ ತೋರಿಸಿ ಅನ್ನಿ, ತೋರಿಸದಿದ್ದರೆ ಅಂಚಿನದ್ದೇ ಇರಲಿ.

ಮನೆ ಮುಚ್ಚಿದಾಗ ಟ್ರ್ಯಾಪಿನ ನೀರು ಬೇಸಿಗೆ ಸೆಕೆಗೆ ಆರಿಹೋಗುತ್ತದೆ, ಆಮೇಲೆ ಪಿಟ್ಟಿನ ವಾಸನೆ, ಜಿರಳೆ ಎಲ್ಲ ಒಳಗೆ. ಹೋಗುವ ದಿನ ಒಂದೆರಡು ಚಮಚ ಅಡುಗೆ ಎಣ್ಣೆ ಕಮೋಡಿಗೆ ಹಾಕಿ ಹೋಗಿ, ನೀರಿನ ಮೇಲೆ ಪದರ ನಿಂತು ಬೇಗ ಆರುವುದಿಲ್ಲ. ಬಚ್ಚಲ ಜಾಲರಿಗೂ ಸ್ವಲ್ಪ. ಟ್ಯಾಂಕಿಗೆ ಹೋಗುವ ನಲ್ಲಿ ಬಂದ್ ಮಾಡುವುದನ್ನು ಮರೆಯಬೇಡಿ. ಪಕ್ಕದ ಮನೆಯವರ ಹತ್ತಿರ ಕೀಲಿ ಇದ್ದರೆ ನಡುವೆ ಒಂದು ಸಲ ಒಂದು ಬಾಲ್ದಿ ನೀರು ಹಾಕೋಕೆ ಹೇಳಿ.